ಹಿಂದಿನ ಶಾಕು, ನೈಟ್ರೋಜನ್ ಕ್ಯಾನು, ಹದಿನೈದು ದಿನ

ಕ್ಯಾನಿನ ಹೆಗಲ ಮೇಲೆ ಬೆಳ್ಳಗೆ ಮಂಜು ಕಟ್ಟಿತ್ತು. ಮಾರ್ಚ್ ತಿಂಗಳು, ಬಸವನ ಬಾಗೇವಾಡಿಯ ಬಿಸಿಲು, ಹೊತ್ತು ಹನ್ನೊಂದು ಗಂಟೆ. ಅಂಥದರಲ್ಲಿ ನನ್ನ ಗ್ಯಾರೇಜಿನ ಟೇಬಲ್ಲಿನ ಮೇಲಿದ್ದ ಅಲ್ಯೂಮಿನಿಯಂ ಪಾತ್ರೆಯೊಂದು ಹೊರಮೈಯಲ್ಲಿ ಬೆವರಿ, ಆ ಬೆವರೂ ಹೆಪ್ಪುಗಟ್ಟುತ್ತಿತ್ತು. ನನಗೆ ಅದು ನೋಡಲು ಚಂದ ಕಂಡಿತು. ತಂದವರಿಗೆ ಹಾಗೆ ಕಾಣಲಿಲ್ಲ.

"ಸತ್ತೈತ್ರಿ ಮಿಸ್ತ್ರಿ ಅಣ್ಣಾರ," ಅಂದರು. "ಹೊರಗ ಬೆಳ್ಳಗಾತಂದ್ರ ಒಳಗ ಏನೂ ಉಳಿಯೂದಿಲ್ಲ. ನಾಳಿಗಿ ಇದು ಬರೇ ಡಬ್ಬಿ."

ಅವರನ್ನು ಮಸೂತಿ ಊರಿನ ಸುತ್ತಲಿನ ಹಳ್ಳಿಗಳಲ್ಲಿ ಎಮ್ಮಿ ಡಾಕ್ಟರ್ ಬಾಯಿ ಅನ್ನುತ್ತಾರೆ. ಡಾಕ್ಟರ್ ಅಲ್ಲ. ಹಾಲಿನ ಸಂಘದ ಕಡೆಯಿಂದ ಮನೆಮನೆಗೆ ಹೋಗಿ ಎಮ್ಮೆ, ಆಕಳುಗಳಿಗೆ ಕೃತಕ ಗರ್ಭಧಾರಣೆ ಮಾಡುವ ಕಾರ್ಯಕರ್ತೆ. ನಾನು ಅಕ್ಕಾರ ಎಂದು ಕರೆಯುತ್ತೇನೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಆದರೆ ಕೆಲಸ ಬಲ್ಲವರನ್ನು ಹಾಗೆ ಕರೆಯುವುದು ನನ್ನ ರೂಢಿ. ವೀರ್ಯದ ನಳಿಗೆಗಳು ದ್ರವ ನೈಟ್ರೋಜನ್ನಿನಲ್ಲಿ ಮುಳುಗಿರಬೇಕು, ಆ ನೈಟ್ರೋಜನ್ ಈ ಕ್ಯಾನಿನಲ್ಲಿರಬೇಕು, ಕ್ಯಾನು ಅವರ ಬೆನ್ನ ಹಿಂದೆ ಸೈಕಲ್ಲಿನ ಮೇಲಿರಬೇಕು.

ಸೈಕಲ್ ಅಂದರೆ ಸಾದಾ ಸೈಕಲ್ ಅಲ್ಲ. ಗುಡ್ಡ ಹತ್ತಿಸಲು ಮಾಡಿದ ಬ್ಯಾಟರಿ ಸೈಕಲ್. ದಾರಿಯ ಕುಲುಕು ನುಂಗಲು ಮುಂದೆ ಗಾಳಿಯ ಫೋರ್ಕ್, ಹಿಂದೆ ಗಾಳಿಯ ಶಾಕ್, ಪೆಡಲ್ ತುಳಿದಾಗ ನೆರವಿಗೆ ಬರುವ ಮೋಟಾರು. ಒಂದು ಸಂಸ್ಥೆಯವರು ಪ್ರಯೋಗಕ್ಕೆಂದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗೆ ಒಂದೊಂದರಂತೆ ನಾಲ್ಕು ಕೊಟ್ಟಿದ್ದರು. ನಾಲ್ಕರ ದುರಸ್ತಿಯನ್ನೂ ನಾನು ಹಿಡಿದಿದ್ದೆ. ಇಂಡಿಯದು ಜಾಲಿ ಮುಳ್ಳಿಗೆ ಸೋತು ಗೋಡೆಗೆ ಒರಗಿತ್ತು, ಸಿಂದಗಿಯದನ್ನು ಒಮ್ಮೆ ಬಿದ್ದ ಸವಾರರು ಮತ್ತೆ ಮುಟ್ಟಿರಲಿಲ್ಲ, ಮುದ್ದೇಬಿಹಾಳದ್ದು ಡಬ್ಬಿಯಿಂದ ಅರ್ಧ ಮಾತ್ರ ಹೊರಬಂದಿತ್ತು. ದಿನಾ ಓಡುತ್ತಿದ್ದುದು ಅಕ್ಕಾರದ್ದೊಂದೇ. ಅವರ ದಾರಿಯೆಂದರೆ ಕಾಲುವೆ ದಂಡೆ, ಹೊಲದ ಬದು, ಎರೆಮಣ್ಣಿನಲ್ಲಿ ಒಣಗಿ ಕಲ್ಲಾದ ಬಂಡಿಯ ಚಾಕೋರಿ, ಅಂದರೆ ಗಾಲಿಯ ಜಾಡು. ಅವರ ಸ್ಕೂಟಿ ಆ ದಾರಿಯಲ್ಲಿ ಎರಡು ಸಲ ಮಲಗಿತ್ತು.

ಈಗ ಒಂದು ಕ್ಯಾನ್ ಹೋಯಿತು. ಸಂಘದ ಕಾರ್ಯದರ್ಶಿ ಅದೇ ದಿನ ಮಧ್ಯಾಹ್ನ ಹೊಸದನ್ನು ತಾವೇ ತಂದುಕೊಟ್ಟರು. ಕೊಡುವಾಗ ಮಾತು ಕಟ್ಟಿಯೇ ಕೊಟ್ಟರು.

"ನೋಡ್ರಿ ಅಕ್ಕಾರ, ಇವತ್ತು ತುಂಬಿಸೇನಿ, ಹನ್ನೆರಡು ಬೆರಳ ಐತಿ. ನೈಟ್ರೋಜನ್ ಗಾಡಿ ಮತ್ತ ಬರೂದು ಹದಿನೈದು ದಿನಕ್ಕ. ಅವತ್ತು ನಾನ ಬಂದು ಕೋಲು ಅದ್ದತೇನಿ. ಮೂರು ಬೆರಳ ಇತ್ತಂದ್ರ ನಿಮ್ಮ ಹಳ್ಳಿ ನಿಮಗ. ಕಡಿಮಿ ಬಂತಂದ್ರ, ಇಲ್ಲಾ ಕ್ಯಾನ್ ಬೆಳ್ಳಗಾತಂದ್ರ, ಆ ಹಳ್ಳಿ ಮೋಟಾರ್ ಸೈಕಲ್ ಇದ್ದವ್ರಿಗೆ."

"ಮೋಟಾರ್ ಸೈಕಲ್ ಕೆನಾಲ್ ದಂಡಿ ಮ್ಯಾಲೆ ಹೊಕ್ಕತೇನ್ರಿ?"

"ಹೋಗೂದಿಲ್ಲ. ಎಮ್ಮೀನ ರೋಡಿಗೆ ಬರ್ತಾವು."

ಎಮ್ಮೆ ರೋಡಿಗೆ ಬರುವುದಿಲ್ಲ ಎಂದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು. ಅಕ್ಕಾರು ಮೂರು ವರ್ಷ ನಡೆದು ಕಟ್ಟಿಕೊಂಡ ಹಳ್ಳಿಗಳು ಅವು. ಅವರು ನನ್ನ ಮುಖ ನೋಡಿದರು.

ಕ್ಯಾನಿನ ಒಳಗುಟ್ಟನ್ನು ಅವರೇ ನನಗೆ ತಿಳಿಸಿ ಹೇಳಿದರು. ಪಾತ್ರೆಯೊಳಗೊಂದು ಪಾತ್ರೆ, ನಡುವೆ ಗಾಳಿಯೂ ಇಲ್ಲದ ಬಯಲು. ಒಳಗಿನ ಪಾತ್ರೆ ತನ್ನ ಕತ್ತಿನಿಂದಲೇ ತೂಗುತ್ತಿರುತ್ತದೆ, ಕೆಳಗೆ ಆಸರೆ ಇಲ್ಲ. ಮೇಲಿಂದ ಕೆಳಗೆ ಕುಕ್ಕಿದರೆ ಕತ್ತು ಬಿರಿಯುತ್ತದೆ. ಬಿರಿಯದಿದ್ದರೂ, ಕುಲುಕಾಟ ಹೆಚ್ಚಾದಷ್ಟೂ ನೈಟ್ರೋಜನ್ ಬೇಗ ಆರಿಹೋಗುತ್ತದೆ. ಒಣಗಿದ ಕೋಲನ್ನು ತಳಮುಟ್ಟ ಅದ್ದಿ ತೆಗೆದು ಗಾಳಿಯಲ್ಲಿ ಬೀಸಿದರೆ ಎಲ್ಲಿಯವರೆಗೆ ಬೆಳ್ಳಗಾಗುತ್ತದೋ ಅಷ್ಟು ಉಳಿದಿದೆ ಎಂದರ್ಥ. ಹದಿನೈದು ದಿನಕ್ಕೆ ಒಂಬತ್ತು ಬೆರಳು ಖರ್ಚು ಮಾಡಬಹುದು. ದಿನಕ್ಕೆ ಅರ್ಧ ಬೆರಳಿಗಿಂತ ಸ್ವಲ್ಪ ಹೆಚ್ಚು.

ಸೈಕಲ್ಲನ್ನು ಸ್ಟ್ಯಾಂಡಿಗೆ ಏರಿಸಿ ಹಿಂದೆ ಕುಕ್ಕರುಗಾಲಲ್ಲಿ ಕೂತು ನೋಡಿದೆ. ಮೊದಲ ತಪ್ಪು ಅಲ್ಲೇ ಸಿಕ್ಕಿತು, ಅದೂ ನನ್ನದೇ. ಕ್ಯಾರಿಯರನ್ನು ನಾನು ಗಾಲಿಯ ಜೊತೆ ಮೇಲೆ ಕೆಳಗೆ ಆಡುವ ಹಿಂದಿನ ತೋಳಿಗೆ ಬಿಗಿದಿದ್ದೆ. ಬೋಲ್ಟಿಗೆ ತೂತುಗಳು ಅಲ್ಲಿ ಸಿದ್ಧವಿದ್ದವು, ಸಲೀಸಾಯಿತು, ಹಾಕಿದ್ದೆ. ಶಾಕ್ ಇರುವುದು ಆ ತೋಳಿಗೂ ಮುಖ್ಯ ಚೌಕಟ್ಟಿಗೂ ನಡುವೆ. ಅಂದರೆ ಸೀಟಿನ ಮೇಲೆ ಕೂತವರಿಗೆ ಶಾಕ್ ಉಂಟು, ಕ್ಯಾನಿಗೆ ಇಲ್ಲ. ಕ್ಯಾನು ಬಂಡಿಯ ಅಚ್ಚಿನ ಮೇಲೆ ಕೂತಂತೆ ಕೂತು ಮಸೂತಿಯವರೆಗೆ ಹೋಗಿ ಬರುತ್ತಿತ್ತು. ಇಂಥ ಸೈಕಲ್ಲಿಗೆ ಸಾಮಾನು ಕಟ್ಟುವವರು ಇದೊಂದನ್ನು ಮೊದಲು ನೋಡಿಕೊಳ್ಳಿ. ಸೀಟನ್ನು ಒತ್ತಿ ಹಿಡಿದು ಹಿಂದಿನ ಗಾಲಿಯನ್ನು ಕೈಯಿಂದ ಎತ್ತಿ ನೋಡಿ. ಕ್ಯಾರಿಯರೂ ಅದರ ಜೊತೆ ಎದ್ದರೆ, ಸಾಮಾನಿಗೆ ಶಾಕ್ ಇಲ್ಲ.

ತಪ್ಪನ್ನು ಒಪ್ಪಿಕೊಂಡೆ. ಅಕ್ಕಾರು ನಕ್ಕರು.

"ಅಂದ್ರ ಇಷ್ಟ ದಿನ ನಾ ಸೋಫಾದ ಮ್ಯಾಲೆ, ಕ್ಯಾನ್ ನೆಲದ ಮ್ಯಾಲೆ ಕುಂತಿತ್ತನ್ರಿ."

ಎರಡು ಕಬ್ಬಿಣದ ಪಟ್ಟಿ ಬಾಗಿಸಿ, ಸೀಟಿನ ಕಂಬಕ್ಕೂ ಅದರ ಕೆಳಗಿನ ಚೌಕಟ್ಟಿಗೂ ಲಾರಿ ಟ್ಯೂಬಿನ ರಬ್ಬರ್ ಸುತ್ತಿ ಕ್ಲಾಂಪ್ ಹಾಕಿದೆ. ಅಲ್ಯೂಮಿನಿಯಂ ಚೌಕಟ್ಟಿಗೆ ವೆಲ್ಡಿಂಗ್ ಹಚ್ಚಲು ಯಾರಾದರೂ ಹೇಳಿದರೆ ಕೇಳಬೇಡಿ. ಪಟ್ಟಿಯ ಮೇಲೆ ತಗಡಿನ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಹಳೆಯ ಟ್ಯೂಬಿನ ಜೋಲಿ, ಜೋಲಿಯಲ್ಲಿ ಕ್ಯಾನು. ಈಗ ಕ್ಯಾನೂ ಸವಾರರೂ ಶಾಕಿನ ಒಂದೇ ಕಡೆ ಬಂದರು.

ಇನ್ನು ಗಾಳಿಯ ಲೆಕ್ಕ. ಶಾಕಿನಲ್ಲಿ ಎಷ್ಟು ಗಾಳಿ ಇರಬೇಕೆಂಬುದು ಅದರ ಮೇಲೆ ಕೂರುವ ತೂಕದ ಮೇಲೆ ಹೋಗುತ್ತದೆ. ಸವಾರ ಸುಮ್ಮನೆ ಕೂತಾಗ ಶಾಕ್ ತನ್ನ ಪೂರ್ತಿ ಓಟದಲ್ಲಿ ನೂರಕ್ಕೆ ಮೂವತ್ತು ಪಾಲು ಕುಸಿಯಬೇಕು. ಕುಸಿತ ಅಳೆಯಲು ಶಾಕಿನ ದಂಡದ ಮೇಲೆ ಒಂದು ರಬ್ಬರ್ ಉಂಗುರ ಇರುತ್ತದೆ. ಶಾಕ್ ಎಷ್ಟು ಒಳಗೆ ಹೋಯಿತೋ ಅಷ್ಟಕ್ಕೆ ಉಂಗುರ ಸರಿದು ನಿಂತು ಸಾಕ್ಷಿ ಹೇಳುತ್ತದೆ.

ತೂಕಕ್ಕೆ ಎದುರಿನ ಅಡತಿ ಅಂಗಡಿಯ ಕಾಟಾ ಬಳಸಿದೆವು. ಜೋಳದ ಸುಗ್ಗಿ, ಹಮಾಲರ ಗದ್ದಲ. ಅಕ್ಕಾರು ಕೋಟು, ಬೂಟು, ಕ್ಯಾನಿನ ಪೆಟ್ಟಿಗೆ ಸಮೇತ ಕಾಟಾದ ಮೇಲೆ ನಿಂತಾಗ ಒಬ್ಬ ಹಮಾಲನಿಗೆ ಸುಮ್ಮನಿರಲಾಗಲಿಲ್ಲ.

"ಮಿಸ್ತ್ರೀ, ಏನ್ ದರಕ್ಕ ಹಚ್ಚಾಕತ್ತೀಯೋ ಅಕ್ಕಾರನ್ನ?"

"ನಿನ್ನ ಎಮ್ಮಿ ಈ ಸಲನೂ ಗಬ್ಬ ನಿಲ್ಲದ ತಿರಗಬಾರದು ಅಂದ್ರ ಬಾಯಿ ಮುಚ್ಚಿ ನಿಲ್ಲು," ಅಂದರು ಅಕ್ಕಾರು ಕಾಟಾದ ಮೇಲಿಂದಲೇ. ಚೀಲ ಹೊತ್ತವರೆಲ್ಲ ನಕ್ಕರು. ಅವನೂ ನಕ್ಕ.

ನಾನು ಕೇಳಿದೆ, "ದಿನಾ ಇಷ್ಟ ವಜ್ಜೀರಿ? ಬ್ಯಾರೆ ಏನರ ಹೇರತೀರಿ?"

"ಇಷ್ಟರಿ. ಬ್ಯಾರೆ ಏನಿಲ್ಲ."

ಆ ಉತ್ತರವನ್ನು ನಾನು ಪೂರ್ತಿ ನಂಬಿದೆ. ಅವರೂ ಪೂರ್ತಿ ನಂಬಿಯೇ ಹೇಳಿದ್ದರು.

ಆ ತೂಕಕ್ಕೆ ಹಿಂದಿನ ಶಾಕಿಗೆ ನೂರಾ ನಲವತ್ತು ಪೌಂಡ್ ಗಾಳಿ ಹಿಡಿಸಿತು. ಮುಂದಿನ ಫೋರ್ಕಿಗೆ ಅದರ ಅರ್ಧ. ಟೈರಿನಲ್ಲಿ ಇಪ್ಪತ್ತೆರಡು, ಒಳಗೆ ಮುಳ್ಳು ಚುಚ್ಚಿದರೆ ತಾನೇ ಮುಚ್ಚಿಕೊಳ್ಳುವ ಬಿಳಿ ದ್ರವ. ಕುಸಿದ ಶಾಕ್ ಎಷ್ಟು ಬೇಗ ಮೇಲೇಳಬೇಕೆಂದು ನಿಶ್ಚಯಿಸುವ ಕೆಂಪು ತಿರುಗಣೆ ಇರುತ್ತದೆ. ಬೇಗ ಎದ್ದರೆ ಕ್ಯಾನು ಹಾರುತ್ತದೆ, ತಡವಾಗಿ ಎದ್ದರೆ ಒಂದು ತಗ್ಗಿನಿಂದ ಏಳುವುದರೊಳಗೆ ಮುಂದಿನ ತಗ್ಗು ಬಂದು ಶಾಕ್ ಇನ್ನೂ ಕೂರುತ್ತದೆ. ಬಂಡಿದಾರಿಯಲ್ಲಿ ನಾಲ್ಕು ಸಲ ಓಡಿಸಿ ನಡುವಿನಿಂದ ಎರಡು ಕ್ಲಿಕ್ ನಿಧಾನಕ್ಕೆ ನಿಲ್ಲಿಸಿದೆ. ಮೋಟಾರಿನ ನೆರವನ್ನೂ ಕೆಳಗಿನ ಹಂತಕ್ಕೆ ಇಳಿಸಿದೆ, ಹೊರಡುವಾಗ ಅದು ಕೊಡುವ ಧಕ್ಕೆ ಕ್ಯಾನಿಗೆ ಬೇಡವಾಗಿತ್ತು.

ಮೂರು ದಿನ ಎಲ್ಲ ಸುರಳೀತ. ಸಂಜೆ ಅಕ್ಕಾರು ಮನೆಗೆ ಹೋಗುವ ದಾರಿಯಲ್ಲಿ ಗ್ಯಾರೇಜಿನ ಮುಂದೆ ನಿಲ್ಲಿಸುತ್ತಿದ್ದರು, ಕೋಲು ಅದ್ದುತ್ತಿದ್ದೆವು. ದಿನಕ್ಕೆ ಅರ್ಧ ಬೆರಳು. ಮೂರನೆಯ ದಿನ ಹತ್ತೂವರೆ. ನಾನು ಮನಸ್ಸಿನಲ್ಲೇ ಈ ಕೆಲಸವನ್ನು ಮುಗಿದ ಕೆಲಸಗಳ ಪಟ್ಟಿಗೆ ಸೇರಿಸಿದೆ.

ನಾಲ್ಕನೆಯ ಸಂಜೆ ಅವರು ಬರಲಿಲ್ಲ, ತಡವಾಯಿತೆಂದು ನೇರ ಮನೆಗೆ ಹೋದರು. ಐದನೆಯ ಬೆಳಿಗ್ಗೆ ಬಂದಾಗ ನೋಡಿದರೆ ರಬ್ಬರ್ ಉಂಗುರ ದಂಡದ ಕೊನೆಗೆ ಹೋಗಿ ಅಂಟಿತ್ತು. ಕ್ಯಾರಿಯರ್ ಪಟ್ಟಿಯ ಅಡಿಯಲ್ಲಿ ಟೈರು ಉಜ್ಜಿದ ಕಪ್ಪು ಗೆರೆ. ಶಾಕ್ ತಳಕ್ಕೆ ಬಡಿದಿದೆ, ಒಂದಲ್ಲ, ಹಲವು ಸಲ. ಕೋಲು ಅದ್ದಿದರೆ ಒಂದೇ ದಿನಕ್ಕೆ ಹತ್ತಿರ ಹತ್ತಿರ ಒಂದು ಬೆರಳು ಹೋಗಿತ್ತು.

ಗಾಳಿ ಸಾಲದು ಅಂದುಕೊಂಡೆ. ಹದಿನೈದು ಪೌಂಡ್ ಏರಿಸಿದೆ, ಜೊತೆಗೆ ಕೆಂಪು ತಿರುಗಣೆಯನ್ನೂ ಒಂದು ಕ್ಲಿಕ್ ತಿರುಗಿಸಿದೆ. ಎರಡನ್ನೂ ಒಟ್ಟಿಗೆ ಬದಲಿಸಿದ್ದು ಇನ್ನೊಂದು ತಪ್ಪು. ಯಾವುದರಿಂದ ಏನಾಯಿತೆಂದು ಆಮೇಲೆ ತಿಳಿಯುವುದಿಲ್ಲ. ಒಂದು ಸಲಕ್ಕೆ ಒಂದನ್ನೇ ಮುಟ್ಟಿ, ಬರೆದಿಟ್ಟುಕೊಳ್ಳಿ, ಆಮೇಲೆ ಇನ್ನೊಂದು. ಒಂಬತ್ತು ಗಂಟೆಗೆ ಫೋನ್ ಬಂತು.

"ಅಣ್ಣಾರ, ಏನ್ ಮಾಡೀರಿ ಇದಕ್ಕ? ಬೀಸೂ ಕಲ್ಲಿನ ಮ್ಯಾಲೆ ಕುಂತಂಗ ಆಗೈತಿ. ಕ್ಯಾನ್ ಒಳಗಿಂದ ಗುಳುಗುಳು ಅನ್ನಾಕತ್ತೈತಿ."

"ಸಂಜೀಕ ನೋಡೂಣ್ರಿ."

ಸಂಜೆ ನೋಡಿದರೆ ಉಂಗುರ ಮತ್ತೆ ಕೊನೆಯಲ್ಲಿ. ಬೆಳಿಗ್ಗೆ ಕಲ್ಲು, ಸಂಜೆ ತಳ. ಒಂದೇ ಶಾಕ್, ಒಂದೇ ಗಾಳಿ, ಒಂದೇ ಸವಾರರು. ಅಂಥದ್ದು ನಾನು ಕಂಡಿರಲಿಲ್ಲ. ಗಾಳಿ ಸೋರುತ್ತಿರಬೇಕೆಂದು ಸಾಬೂನು ನೀರು ಹಚ್ಚಿದೆ, ಒಂದು ಗುಳ್ಳೆ ಏಳಲಿಲ್ಲ. ಬೆಳಿಗ್ಗೆ ಪಂಪ್ ಜೋಡಿಸಿದರೆ ಮುಳ್ಳು ನಿನ್ನೆಯ ಜಾಗದಲ್ಲೇ ನಿಂತಿತ್ತು. ಹಾಗಾದರೆ ಶಾಕಿನ ಒಳಗಿನ ಸೀಲು ಬಿಸಿಲಿಗೆ ಸಡಿಲಗೊಂಡು, ಗಾಳಿ ಒಂದು ಕೋಣೆಯಿಂದ ಇನ್ನೊಂದಕ್ಕೆ ನುಸುಳುತ್ತಿದೆ ಎಂದು ತೀರ್ಮಾನಿಸಿದೆ. ಮುದ್ದೇಬಿಹಾಳದಲ್ಲಿ ಹೊಚ್ಚ ಹೊಸ ಶಾಕ್ ಸುಮ್ಮನೆ ಮಲಗಿತ್ತು. ಏಳನೆಯ ದಿನ ಅಕ್ಕಾರು ಸುತ್ತು ಮುಗಿಸಿ ಬಂದ ಮೇಲೆ ಹಳೆಯ ಶಾಕ್ ಬಿಚ್ಚಿಕೊಂಡು ಅಲ್ಲಿಗೆ ಹೋದೆ.

ಅಲ್ಲಿಯ ಗೋದಾಮಿನವರು ಸಹಿ ಇಲ್ಲದೆ ಒಂದು ಮೊಳೆಯನ್ನೂ ಹೊರಗೆ ಬಿಡುವವರಲ್ಲ.

"ಸಾಹೇಬ್ರ ಚೀಟಿ ತರ್ರಿ."

"ಸಾಹೇಬ್ರು ಎಲ್ಲಿದ್ದಾರ್ರಿ?"

"ರಜಾದ ಮ್ಯಾಲೆ."

"ನಾ ಒಯ್ಯಾಕ ಬಂದಿಲ್ರಿ ಯಜಮಾನ್ರ. ಅದಲ್ ಬದಲ್ ಮಾಡಾಕ ಬಂದೇನಿ. ಒಂದ್ ಶಾಕ್ ಬರ್ತೈತಿ, ಒಂದ್ ಹೊಕ್ಕೈತಿ. ನಿಮ್ಮ ಪುಸ್ತಕದಾಗ ಇವತ್ತ ಒಂದೈತಿ, ನಾಳೀನೂ ಒಂದ ಇರತೈತಿ."

"ಬಂದದ್ದು ಕೆಟ್ಟದ್ದಿದ್ರ?"

"ವಾರದಾಗ ಇದನ್ನ ತಿರಿಗಿ ತಂದು ಕೂಡಸ್ತೇನಿ. ಅದಿರ್ಲಿ, ಹೊರಗ ನಿಂತ ಮೋಟಾರ್ ಸೈಕಲ್ ನಿಮ್ದೇನ್ರಿ? ಮುಂದಿನ ಶಾಕಿನಾಗಿಂದ ಎಣ್ಣಿ ಇಳ್ಯಾಕತ್ತೈತಲ್ರಿ. ಬ್ರೇಕಿನ ಮ್ಯಾಲೆ ಬಿತ್ತಂದ್ರ ಮುಗೀತು."

ಅವರು ಹೊರಗೆ ಹೋಗಿ ಬಗ್ಗಿ ನೋಡಿದರು. ನಾನು ಸೀಲು ಜೇಬಿನಲ್ಲೇ ಇಟ್ಟುಕೊಂಡು ಹೋಗಿದ್ದೆ. ಇಂಥ ಗೋದಾಮಿಗೆ ಹೋಗುವಾಗ ಅಲ್ಲಿಯವರ ಗಾಡಿಗೆ ಏನು ಬೇಕಾದೀತೆಂದು ಯೋಚಿಸಿಯೇ ಹೋಗಬೇಕು. ಒಂದು ತಾಸಿನಲ್ಲಿ ಅವರ ಗಾಡಿ ಒಣಗಿತು, ಶಾಕ್ ನನ್ನ ಚೀಲಕ್ಕೆ ಬಂತು. ಡಬ್ಬಿಯ ಮೂಲೆಯಲ್ಲಿ ಒಡೆಯದ ಒಂದು ಪ್ಲಾಸ್ಟಿಕ್ ಪಾಕೀಟು ಇತ್ತು, ಒಳಗೆ ಬೆರಳಗಲದ ಕಪ್ಪು ಪಟ್ಟಿಗಳು ಮತ್ತು ಒಂದು ಗೇಣುದ್ದದ ಕೈಪಂಪು.

"ಇದೇನ್ರಿ?" ಅಂದೆ.

"ಯಾರಿಗ್ಗೊತ್ತು. ಪುಸ್ತಕದಾಗಂತೂ ಇಲ್ಲ."

"ಪುಸ್ತಕದಾಗ ಇಲ್ಲಂದ್ರ ಇಲ್ಲೂ ಇಲ್ರಿ," ಅಂದು ಅದನ್ನೂ ಚೀಲಕ್ಕೆ ಹಾಕಿಕೊಂಡೆ. ಅವರು ನಕ್ಕು ಚಹಾ ಹೇಳಿದರು.

ಹೊಸ ಶಾಕ್ ಕೂಡಿಸಿ ಎಂಟನೆಯ ದಿನ ಕಳಿಸಿದೆ. ಸಂಜೆ ಅದೇ ಹಾಡು. ಉಂಗುರ ಕೊನೆಯಲ್ಲಿ, ಪಟ್ಟಿಯ ಅಡಿಗೆ ಹೊಸ ಕಪ್ಪು ಗೆರೆ. ಕೋಲು ಅದ್ದಿದಾಗ ಆರು ಬೆರಳು. ಇನ್ನೂ ಏಳು ದಿನ ಉಳಿದಿತ್ತು, ಖರ್ಚಿಗೆ ಮೂರೇ ಬೆರಳು. ದಿನಕ್ಕೆ ಅರ್ಧವೂ ಇಲ್ಲ. ಅಕ್ಕಾರು ಕೋಲನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟು ಕೇಳಿದರು, "ನಾನ ಮುಂದಾಗಿ ಕಾರ್ಯದರ್ಶಿಯವರಿಗೆ ಈಗ ಹೇಳಿಬಿಡ್ಲೇನ್ರಿ?"

"ಬ್ಯಾಡ್ರಿ. ನಾಳೆ ನಾ ನಿಮ್ಮ ಹಿಂದ ಬರ್ತೇನಿ, ದಿನಾ ಪೂರಾ."

ಇದನ್ನು ಮೊದಲ ದಿನವೇ ಮಾಡಬೇಕಿತ್ತು. ಗ್ಯಾರೇಜಿನಲ್ಲಿ ಕೂತು ಉಂಗುರವನ್ನಷ್ಟೇ ಓದುತ್ತಿದ್ದೆ.

ಒಂಬತ್ತನೆಯ ಬೆಳಿಗ್ಗೆ ನನ್ನ ಮೋಟಾರ್ ಸೈಕಲ್ಲನ್ನು ಕಾಲುವೆಯ ಸೇತುವೆಯ ಬಳಿ ಬಿಟ್ಟು, ಅಲ್ಲಿಂದ ನಡೆದೇ ಅವರ ಜೊತೆ ಹೋದೆ. ಅವರು ನನಗಾಗಿ ನಿಧಾನಕ್ಕೆ ತುಳಿದರು. ಮೊದಲೆರಡು ಮನೆಗಳಲ್ಲಿ ಸಾದಾ ಕೆಲಸ. ಕೈಗವಸು ಹಾಕಿಕೊಂಡರು, ನಳಿಗೆ ತೆಗೆದರು, ಎಣಿಸಿ ಮೂರು ಉಸಿರಿನಲ್ಲಿ ಮುಚ್ಚಳ ಮುಚ್ಚಿದರು. ಉಂಗುರ ಅರ್ಧದಲ್ಲೇ ಇತ್ತು. ಮೂರನೆಯ ಮನೆಯಲ್ಲಿ ಒಂದು ಮುರ್ರಾ ತಳಿಯ ಎಮ್ಮೆ. ಮೂರು ತಿಂಗಳ ಹಿಂದೆ ಅಕ್ಕಾರೇ ಮಾಡಿ ಹೋದದ್ದು, ಈಗ ಪರೀಕ್ಷೆಯ ಸರದಿ. ಮೊಣಕೈವರೆಗೆ ಕೈ ಹಾಕಿ, ಕಣ್ಣು ಮುಚ್ಚಿ ನಿಂತು, ಕೈ ತೆಗೆದು ಅಂದರು, "ಗಬ್ಬ ನಿಂತೈತಿ ಆಯಿ."

ಮನೆಯ ಮುದುಕಿ ಒಳಗೆ ಹೋದಳು. ಅಕ್ಕಾರು ಕೈ ತೊಳೆದು ಕೋಟಿನ ಮೇಲೆ ದುಪಟ್ಟಾದ ಸೆರಗು ಹರಡಿ ಗೋಡೆಯ ಕಡೆ ನಿಂತರು. ಮುದುಕಿ ಕಾಳು ಕೇರುವ ಮರ ತುಂಬ ಜೋಳ ತಂದಳು. ಐದು ಬೊಗಸೆ ಹಾಕಿದಳು, ಮೇಲೆ ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಕುಬಸದ ಖಣ. ಐದು ಬೊಗಸೆ ಶಾಸ್ತ್ರಕ್ಕೆ, ಮರದಲ್ಲಿ ಉಳಿದದ್ದು ಪ್ರೀತಿಗೆ. ಅದನ್ನೂ ಸುರಿದಳು. ಅಕ್ಕಾರು ಮಡಿಲಿಗೆ ಬಿದ್ದ ಆ ಉಡಿಯನ್ನು ಒಂದು ಚೀಲಕ್ಕೆ ಇಳಿಸಿ, ಚೀಲವನ್ನು ಕ್ಯಾನಿನ ಪೆಟ್ಟಿಗೆಯ ಹಿಂದಿನ ಕೊಂಡಿಗೆ ತೂಗು ಹಾಕಿದರು. ಗಾಲಿಯ ಅಚ್ಚಿಗಿಂತ ಒಂದು ಮೊಳ ಹಿಂದೆ.

ನಾನು ನಿಂತಲ್ಲೇ ನಿಂತೆ.

"ಅಕ್ಕಾರ, ಬ್ಯಾರೆ ವಜ್ಜಿ ಇಲ್ಲಂದಿದ್ರಿ."

"ಹೌದಲ್ರಿ."

"ಇದೇನ್ರಿ ಮತ್ತ?"

ಅವರು ಚೀಲ ನೋಡಿದರು, ನನ್ನನ್ನು ನೋಡಿದರು. "ಇದು ವಜ್ಜಿ ಅಲ್ರಿ. ಉಡಿ."

ಆ ದಿನ ಐದು ಎಮ್ಮೆ ಪರೀಕ್ಷೆಗಿದ್ದವು, ನಾಲ್ಕು ನಿಂತಿದ್ದವು. ನಾಲ್ಕು ಉಡಿ. ಸುಗ್ಗಿಯ ದಿನ ಬೇರೆ, ಮನೆಗಳಲ್ಲಿ ಹೊಸ ಜೋಳ ತುಂಬಿತ್ತು, ಯಾರ ಕೈಯೂ ಹಿಡಿತದಲ್ಲಿರಲಿಲ್ಲ. ಮೊದಲ ಮೂರು ದಿನ ಅವರು ಹೊಸ ಓಣಿಗಳಲ್ಲಿದ್ದರು, ಪರೀಕ್ಷೆ ಇರಲಿಲ್ಲ, ಆದ್ದರಿಂದಲೇ ಉಂಗುರ ತಣ್ಣಗಿತ್ತು. ಅವರ ಕೆಲಸ ಕೈಗೂಡಿದಷ್ಟೂ ನನ್ನ ಶಾಕ್ ತಳ ಮುಟ್ಟುತ್ತಿತ್ತು.

ಎಷ್ಟು ಭಾರವಾಯಿತೆಂದು ತಿಳಿಯಬೇಕಿತ್ತು. ಊರ ಅಂಗಡಿಯಲ್ಲಿ ಕಾಟಾ ಇತ್ತು. "ಒಂದ್ ಸಲ ಇಟ್ಟು ನೋಡೂಣ್ರಿ" ಅಂದೆ. ಅಕ್ಕಾರು ಚೀಲದ ಮೇಲೆ ಕೈಯಿಟ್ಟರು.

"ಉಡಿ ತೂಕಕ್ಕ ಹಾಕ್ತಾರೇನ್ರಿ ಯಾರರ?"

"ಹೋಗ್ಲಿ, ಸಂಘದ ಮನ್ಯಾಗ ಇಟ್ಟ ಹೋಗ್ರಿ. ಹಾಲಿನ ಗಾಡ್ಯಾಗ ಬರ್ತೈತಿ."

"ಉಡಿ ಮನೀಗೆ ಹೋಗಿ ದೇವರ ಮುಂದ ಬಿಚ್ಚಬೇಕ್ರಿ. ನಡುವ ಮಂದಿ ಮನ್ಯಾಗ ಇಡೂದಿಲ್ಲ."

ನಾಲ್ಕನೆಯ ಉಡಿಯ ಮನೆಯಲ್ಲಿ ಇನ್ನೊಂದು ಪ್ರಯತ್ನ ಮಾಡಿದೆ. ಅಲ್ಲಿಯ ಮುದುಕಿಗೆ, ಜೋಳ ಸ್ವಲ್ಪ ಕಡಿಮಿ ಹಾಕ್ರಿ ಆಯಿ, ಗಾಡಿಗೆ ತ್ರಾಸ ಆಗತೈತಿ, ಅಂದೆ. ಆಕೆ ಮರ ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟಳು.

"ಯಾರ್ಲೇ ಇಂವ? ಮಿಸ್ತ್ರಿಯೇನು? ನಿನ್ನ ಗಾಡಿ ಸಲುವಾಗಿ ನಮ್ಮ ಮನಿ ಮಗಳ್ನ ಬರೇ ಉಡೀಲೆ ಕಳಸ್ಲೇನು? ನಿನ್ನ ಗಾಡೀನ ಗಟ್ಟಿ ಮಾಡ ಹೋಗು!"

ಅಕ್ಕಾರು ಸೆರಗಿನಲ್ಲಿ ಮುಖ ಮುಚ್ಚಿ ನಗುತ್ತಿದ್ದರು. ಆದರೆ ಮುದುಕಿ ಹೇಳಿದ್ದು ಖರೆ. ಹದಿನೈದು ದಿನದ ಕೆಲಸದಲ್ಲಿ ಯಾರಾದರೂ ನನಗೆ ನೇರವಾದ ದಾರಿ ತೋರಿಸಿದ್ದರೆ ಅದು ಆಕೆಯೇ. ನಾನು ಬೆಳಗಿನ ಅಕ್ಕಾರಿಗೆ ಗಾಳಿ ಹಿಡಿಸುತ್ತಿದ್ದೆ. ಹಿಡಿಸಬೇಕಿದ್ದುದು ಸಂಜೆಯ ಅಕ್ಕಾರಿಗೆ. ಅಲ್ಲೇ, ಆ ಅಂಗಳದಲ್ಲಿ, ನೂರಕ್ಕೆ ಮೂವತ್ತು ಎಂಬ ಪುಸ್ತಕದ ಲೆಕ್ಕವನ್ನು ಬಿಟ್ಟೆ.

ತೂಕಕ್ಕೆ ದಾರಿ ಸಿಕ್ಕಿತು. ಅಕ್ಕಾರನ್ನು ಸೀಟಿನ ಮೇಲೆ ಕೂರಿಸಿ, ಉಡಿಯ ಚೀಲ ಇಟ್ಟು ಒಮ್ಮೆ, ತೆಗೆದು ಒಮ್ಮೆ ಉಂಗುರ ನೋಡಿದೆ. ಎರಡರ ನಡುವಿನ ಅಂತರ ಗುರುತು ಹಾಕಿಕೊಂಡೆ. ಗ್ಯಾರೇಜಿಗೆ ಬಂದು ಅವರನ್ನು ಮತ್ತೆ ಕೂರಿಸಿ, ಅದೇ ಕೊಂಡಿಗೆ ಅಷ್ಟೇ ಕುಸಿಯುವವರೆಗೆ ಉಸುಕಿನ ಚೀಲ ತೂಗುಹಾಕಿ, ಉಸುಕನ್ನು ಕಾಟಾಕ್ಕೆ ಹಾಕಿದೆ. ಹನ್ನೊಂದು ಕಿಲೋ. ತೂಗಿದ್ದು ಉಸುಕನ್ನು, ಉಡಿಯನ್ನಲ್ಲ, ಯಾರ ಶಾಸ್ತ್ರಕ್ಕೂ ಊನವಾಗಲಿಲ್ಲ.

ಬಂಡಿ ಹೇರಿದವರಿಗೆ ಗೊತ್ತು, ಹಿಂದೆ ಭಾರವಾದರೆ ನೊಗ ಮೇಲೇಳುತ್ತದೆ, ಎತ್ತಿನ ಕೊರಳು ಬಿಗಿಯುತ್ತದೆ. ಅಚ್ಚಿನ ಹಿಂದೆ ತೂಗುವ ಹನ್ನೊಂದು ಕಿಲೋ, ಶಾಕಿಗೆ ಹದಿನೈದರಂತೆ ಬಡಿಯುತ್ತಿತ್ತು. ಮೊದಲು ಅದನ್ನು ಮುಂದೆ ತಂದೆ. ನನ್ನ ಹೆಂಡತಿ ದಪ್ಪ ಬಟ್ಟೆಯಲ್ಲಿ ಎರಡು ಬಾಯಿಯ ಚೀಲ ಹೊಲಿದುಕೊಟ್ಟಳು. ಅದನ್ನು ಸೀಟಿನ ಹಿಂದೆ, ಪೆಟ್ಟಿಗೆಯ ಮುಂದೆ, ಎರಡೂ ಬದಿಗೆ ಇಳಿಬಿಟ್ಟೆವು. ಮೊದಲ ಹೊಲಿಗೆಯಲ್ಲಿ ಅಕ್ಕಾರ ಹಿಮ್ಮಡಿ ತಾಗುತ್ತಿತ್ತು, ನಾಲ್ಕು ಬೆರಳು ಮೇಲೆ ಹಿಡಿದು ಮತ್ತೆ ಹೊಲಿದಳು. ಚೀಲ ಗಾಲಿಗೆ ಸಿಗದಂತೆ ಒಳಬದಿಗೆ ಒಂದೊಂದು ಕಬ್ಬಿಣದ ಸಳಿ ಬಾಗಿಸಿ ಕಟ್ಟಿದೆ.

ಆಮೇಲೆ ಮುದ್ದೇಬಿಹಾಳದ ಪಾಕೀಟು. ಆ ಕಪ್ಪು ಪಟ್ಟಿಗಳು ಶಾಕಿನ ಗಾಳಿಕೋಣೆಯೊಳಗೆ ಕೂರುವಂಥವು. ಕೋಣೆ ಚಿಕ್ಕದಾದರೆ ಗಾಳಿ ಮೊದಲರ್ಧ ಮೆತ್ತಗೇ ಇದ್ದು ಕೊನೆಯಲ್ಲಿ ಬಿಗಿಯುತ್ತದೆ. ಬೆಳಿಗ್ಗೆ ಕಲ್ಲಾಗಬಾರದು, ಸಂಜೆ ತಳ ಮುಟ್ಟಬಾರದು, ಎರಡೂ ಬೇಕೆಂದರೆ ಇದೇ ದಾರಿ. ಗಾಳಿ ಪೂರ್ತಿ ಬಿಟ್ಟು, ಕೋಣೆಯ ಕವಚ ತಿರುಗಿಸಿ ತೆಗೆದು ಎರಡು ಪಟ್ಟಿ ಹಾಕಿದೆ. ಮೂರು ಹಾಕಿ ನೋಡಿದೆ, ಉಂಗುರ ಮುಕ್ಕಾಲಿನಿಂದ ಆಚೆ ಹೋಗಲೇ ಇಲ್ಲ, ಓಟವೇ ವ್ಯರ್ಥ. ಮತ್ತೆ ಎರಡಕ್ಕೇ ಬಂದೆ.

ಉಳಿದದ್ದು ಕೈಪಂಪು. ಇಲ್ಲಿ ಸ್ವಲ್ಪ ಹೊತ್ತು ಯೋಚಿಸಿದೆ ಎಂದು ಒಪ್ಪಿಕೊಳ್ಳುತ್ತೇನೆ. ಶಾಕಿನ ಪಂಪು ನನ್ನ ಕೈಯಲ್ಲಿರುವವರೆಗೆ ಸೈಕಲ್ ನನ್ನ ಬಾಗಿಲಿಗೆ ಬರಲೇಬೇಕು. ಆದರೆ ಉಡಿ ಒಂದು ದಿನ ಎರಡು, ಇನ್ನೊಂದು ದಿನ ಆರು. ಯಾವ ಗಾಳಿ ಹಿಡಿಸಿದರೂ ಅದು ಒಂದು ದಿನದ್ದು. ದಾರಿಯಲ್ಲಿ ಗಾಳಿ ಏರಿಸುವ ಕೈ ದಾರಿಯಲ್ಲೇ ಇರಬೇಕು. ಅಕ್ಕಾರ ಕೈಗೆ ಪಂಪು ಕೊಟ್ಟೆ. ಶಾಕಿನ ದಂಡದ ಪಕ್ಕದ ಕವಚದ ಮೇಲೆ ಹೆಂಡತಿಯ ಉಗುರುಬಣ್ಣದಿಂದ ಒಂದು ಕೆಂಪು ಗೆರೆ ಎಳೆದೆ.

"ಉಡಿ ಹೇರಿದ ಮ್ಯಾಲೆ ಉಂಗುರ ಹಿಂದಕ್ಕ ಸರಿಸಿ ಕುಂದ್ರರಿ. ಉಂಗುರ ಗೆರಿ ದಾಟಿದ್ರ, ಒಂದೊಂದ ಹೊಡದು ನೋಡ್ರಿ, ಗೆರಿಗೆ ಬರೂತನಕ. ಬೆಳಿಗ್ಗೆ ಹೊರಡೂ ಮುಂದ ಅಷ್ಟ ಬಿಟ್ಟಬಿಡ್ರಿ."

"ಇಷ್ಟ ಏನ್ರಿ? ಎಮ್ಮಿ ಗಬ್ಬ ನೋಡೂದಕ್ಕಿಂತ ಸಸಾರ ಐತಿ."

"ಪಂಪ್ ತಗೆಯೂ ಮುಂದ ಝರ್ ಅಂತೈತಿ, ಹೆದರಬ್ಯಾಡ್ರಿ. ಅದು ಪಂಪಿನ ಗಾಳಿ, ಶಾಕಿಂದಲ್ಲ."

ಹತ್ತನೆಯ ದಿನದಿಂದ ಕೋಲಿನ ಬಿಳಿ ಗೆರೆ ಮೊದಲ ಮೂರು ದಿನಕ್ಕಿಂತಲೂ ನಿಧಾನಕ್ಕೆ ಇಳಿಯತೊಡಗಿತು. ಅಕ್ಕಾರು ತಮ್ಮ ಕಡೆಯಿಂದಲೂ ಬಿಗಿ ಮಾಡಿದರು. ಮುಚ್ಚಳ ತೆಗೆಯುವ ಮೊದಲೇ ಎಲ್ಲ ಸಿದ್ಧವಿಟ್ಟುಕೊಳ್ಳುವುದು, ಕ್ಯಾನನ್ನು ಅಂಗಳದ ಬಿಸಿಲಿನಲ್ಲಿ ನಿಲ್ಲಿಸದಿರುವುದು. ಉಂಗುರ ಒಂದು ದಿನವೂ ಕೊನೆಗೆ ಹೋಗಲಿಲ್ಲ. ಹದಿಮೂರನೆಯ ದಿನ ಆರು ಉಡಿ ಬಂದಾಗ ಮಾತ್ರ ಅದು ಕೊನೆಯ ಹತ್ತಿರ ಹೋಗಿ, ಟೈರು ಕ್ಯಾರಿಯರ್ ಪಟ್ಟಿಗೆ ಒಮ್ಮೆ ಸವರಿತ್ತು. ನಡುವೆ ಮುದ್ದೇಬಿಹಾಳಕ್ಕೆ ಹೋಗಿ ಅವರ ಶಾಕ್ ಅವರಿಗೆ ಕೂಡಿಸಿ, ನಮ್ಮದನ್ನು ಪಟ್ಟಿ ಹಾಕಿ ನಮ್ಮ ಗಾಡಿಗೆ ಕೂಡಿಸಿದೆ. ಅದರ ಸೀಲು ಮೊದಲಿನಿಂದಲೂ ಚೆನ್ನಾಗಿಯೇ ಇತ್ತು.

ಹದಿನೈದನೆಯ ದಿನ ಕಾರ್ಯದರ್ಶಿ ನನ್ನ ಗ್ಯಾರೇಜಿಗೇ ಬಂದರು. ಕ್ಯಾನಿನ ಹೊರಮೈಯನ್ನು ಅಂಗೈಯಿಂದ ಸವರಿದರು. ಒಣಗಿತ್ತು. ಕೋಲು ಅದ್ದಿದರು, ತೆಗೆದರು, ಬೀಸಿದರು. ನಾನು ಅಕ್ಕಾರ ಕಡೆ ನೋಡಲಿಲ್ಲ, ಅವರು ನನ್ನ ಕಡೆ ನೋಡಲಿಲ್ಲ. ಬಿಳಿ ಗೆರೆ ಮೂರನೆಯ ಬೆರಳಿನ ಗುರುತಿನ ಮೇಲೆ ಬಂದು ನಿಂತಿತು, ಕೂದಲೆಳೆಯಷ್ಟು ಹೆಚ್ಚೇ.

"ಮೂರು," ಅಂದರು ಕಾರ್ಯದರ್ಶಿ. ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ನೋಡಿದರು. "ಮೂರ ಐತಿ. ಆತು ಬಿಡ್ರಿ, ನಿಮ್ಮ ಹಳ್ಳಿ ನಿಮಗ." ಆಮೇಲೆ ನನಗೆ, "ಇಂಡಿ, ಸಿಂದಗಿ ಗಾಡಿಗೂ ಇದನ್ನ ಹೆಂಗ್ ಮಾಡಿದ್ರಿ ಬರ್ದು ಕೊಡ್ರಿ ಮಿಸ್ತ್ರಿ."

ಬರೆದುಕೊಟ್ಟದ್ದರಲ್ಲಿ ಗಾಳಿ, ಕ್ಲಿಕ್ಕು, ಪಟ್ಟಿ ಎಲ್ಲ ಬಂದವು. ಅವುಗಳ ಮೇಲೆ ಮೊದಲ ಸಾಲಿನಲ್ಲಿ, ಸವಾರರ ಜೊತೆ ಒಂದು ದಿನ ಪೂರ್ತಿ ನಡೆದು, ಮನೆಗೆ ಹೋಗುವಾಗಿನ ಭಾರಕ್ಕೆ ಗಾಳಿ ಹಿಡಿಸಿರಿ ಎಂದು ಬರೆದೆ.

ನೈಟ್ರೋಜನ್ ತುಂಬಿಸಿಕೊಂಡು ಅಕ್ಕಾರು ಹೊರಡುವಷ್ಟರಲ್ಲಿ ಹಿಂದಿನ ಬಾಗಿಲಿನಿಂದ ನನ್ನ ಹೆಂಡತಿ ಬಂದಳು. ಗ್ಯಾರೇಜಿನ ಹಿಂದೆಯೇ ನಮ್ಮ ಮನೆ. ಕೈಯಲ್ಲಿ ಮರ, ಮರದಲ್ಲಿ ಗೋಧಿ, ಮೇಲೆ ತೆಂಗಿನಕಾಯಿ.

"ಹಂಗ ಹೊಂಟ್ರೇನು?" ಅಂದಳು.

ಅಕ್ಕಾರು ಸೈಕಲ್ ನಿಲ್ಲಿಸಿ ಇಳಿದರು, ಸೆರಗು ಹರಡಿದರು. ಐದು ಬೊಗಸೆ ಬಿತ್ತು, ಆಮೇಲೆ ಉಳಿದದ್ದೂ ಬಿತ್ತು. ಅಕ್ಕಾರು ಉಡಿಯನ್ನು ಎರಡು ಬಾಯಿಯ ಚೀಲಕ್ಕೆ ಸಮವಾಗಿ ಇಳಿಸಿ, ಸೀಟಿನ ಮೇಲೆ ಕೂತು, ಇಳಿದು, ಬಗ್ಗಿ ಉಂಗುರ ನೋಡಿದರು. ನನ್ನ ಕೈ ಅಭ್ಯಾಸದಿಂದ ಗೋಡೆಯ ಮೇಲಿನ ದೊಡ್ಡ ಪಂಪಿನ ಕಡೆ ಹೋಯಿತು. ಅಷ್ಟರಲ್ಲಿ ಅವರು ತಮ್ಮ ಚೀಲದಿಂದ ಗೇಣುದ್ದದ ಪಂಪು ತೆಗೆದು ಜೋಡಿಸಿ ಹೊಡೆಯತೊಡಗಿದ್ದರು. ನಾಲ್ಕು ಸಲ. ಮತ್ತೆ ಕೂತು ನೋಡಿದರು. ಇನ್ನೊಂದು ಸಲ.

"ಗೆರಿಗೆ ಬಂತ್ರಿ," ಅಂದರು, ನನಗಲ್ಲ, ನನ್ನ ಹೆಂಡತಿಗೆ. ಪಂಪು ಝರ್ ಅಂದಿತು, ಅವರು ಹೆದರಲಿಲ್ಲ.